ಅನ್ನ ಬಿಟ್ಟ ಒಂದು ಹೊತ್ತು: ಬದಲಾವಣೆ ತೋಟದಿಂದ ಮೊದಲಾಗಲಿ

ಧಾನ್ಯವನ್ನೇ ತಿನ್ನದ ಊಟಕ್ರಮದ ಮಾತು ಈಗ ಪೇಟೆಯಿಂದ ಹಳ್ಳಿಗೂ ಬಂದಿದೆ. ಅಕ್ಕಿ, ಗೋಧಿ, ರಾಗಿ, ಜೋಳ ಯಾವುದೂ ಬೇಡ, ಬದಲಿಗೆ ಬಾದಾಮಿ ಹಿಟ್ಟು, ಬೆಣ್ಣೆ, ತರಕಾರಿ ಸಾಕು ಎಂಬ ಸಲಹೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮನೆಗಳನ್ನೂ ಮುಟ್ಟಿದೆ. ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲಿದ್ದರಂತೂ ಈ ಮಾತಿಗೆ ಹೆಚ್ಚು ಬೆಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಆದ್ದರಿಂದ ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಕಣ್ಣು ಮುಚ್ಚಿ ಒಪ್ಪುವಂತೆಯೂ ಇಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ತೋಟಗಾರ ಕುಟುಂಬ ಧಾನ್ಯವನ್ನು ಪೂರ್ತಿ ಬಿಡಬೇಕಾದ ಅಗತ್ಯವಿಲ್ಲ. ಆದರೆ ದಿನದ ಒಂದು ಹೊತ್ತನ್ನು ಧಾನ್ಯವಿಲ್ಲದೆ ನಡೆಸಬಹುದು, ನಡೆಸುವುದು ಲಾಭಕರ. ಆ ಒಂದು ಹೊತ್ತಿನ ಆಹಾರ ಅಂಗಡಿಯಿಂದ ಬರಬಾರದು, ತೋಟದಿಂದ ಬರಬೇಕು.

ಮೂರೂ ತಾಲ್ಲೂಕುಗಳಲ್ಲಿ ಗದ್ದೆಗಳು ಕಡಿಮೆಯಾಗಿ ಅಡಿಕೆ ತೋಟ ಹೆಚ್ಚಿದೆ. ಒಂದು ಕಾಲಕ್ಕೆ ಮನೆಯ ಗದ್ದೆಯ ಅಕ್ಕಿ ಉಂಡವರು ಇಂದು ಅಡಿಕೆ ಮಾರಿದ ಹಣದಲ್ಲಿ ಅಕ್ಕಿ ಕೊಳ್ಳುತ್ತಿದ್ದಾರೆ. ಕೊಳೆರೋಗ ಹಳೆಯ ಶತ್ರು. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಹೀಗಿರುವಾಗ ಹೊಟ್ಟೆಯ ಭಾರವನ್ನೆಲ್ಲ ಒಂದೇ ಬೆಳೆಯ ಮೇಲೆ ಹಾಕುವುದು ಜಾಣತನವಲ್ಲ. ಅದೇ ತೋಟದಲ್ಲಿ ಬಾಳೆಗೊನೆ ಬೆಲೆಯಿಲ್ಲದೆ ಉಳಿಯುತ್ತದೆ, ಬೆಟ್ಟದ ಅಂಚಿನಲ್ಲಿ ಹಲಸು ಬಿದ್ದು ಕೊಳೆಯುತ್ತದೆ.

ಬೆಲೆ ಬಿದ್ದಾಗ ಏನು ಮಾಡಬಹುದೆಂಬುದಕ್ಕೆ 2021ರ ನೆನಪು ಸಾಕು. ಕೊರೋನಾ ಕಾಲದಲ್ಲಿ ಬಾಳೆಗೆ ಕೊಳ್ಳುವವರಿರಲಿಲ್ಲ. ಪುತ್ತೂರಿನ ಅಡಿಕೆ ಪತ್ರಿಕೆಯ ಪ್ರೇರಣೆಯಿಂದ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಗೃಹಿಣಿಯರು ಬಾಳೆಕಾಯಿಯನ್ನು ಹೆಚ್ಚಿ ಒಣಗಿಸಿ ಹುಡಿ ಮಾಡಿದರು. ಅದಕ್ಕೆ ‘ಬಾಕಾಹು’ ಎಂಬ ಹೆಸರಾಯಿತು. ದೋಸೆಯಿಂದ ಜಾಮೂನಿನವರೆಗೆ ಅದರಿಂದ ತಯಾರಾಯಿತು. ಆ ವರ್ಷದ ಜುಲೈ 25ರಂದು ಪ್ರಧಾನಿಯವರು ‘ಮನ್ ಕಿ ಬಾತ್’ ಭಾಷಣದಲ್ಲಿ ಈ ಎರಡೂ ಜಿಲ್ಲೆಗಳ ಮಹಿಳೆಯರ ಕೆಲಸವನ್ನು ಹೆಸರಿಸಿದರು. ಹೊಗಳಿಕೆ ಬಂದುಹೋಗುತ್ತದೆ. ಹುಡಿ ನಿತ್ಯದ ಅಡುಗೆಮನೆಯಲ್ಲಿ ಉಳಿದರೆ ಮಾತ್ರ ಆ ಶ್ರಮ ಸಾರ್ಥಕ.

ಜೋಯಿಡಾದ ಕುಣಬಿ ಬೇಸಾಯಗಾರರು ಗೆಡ್ಡೆಗಳನ್ನು ಬರಗಾಲದ ತಿನಿಸೆಂದು ಕೀಳಾಗಿ ಕಾಣಲಿಲ್ಲ. ಹಲವು ಬಗೆಯ ಗೆಡ್ಡೆಗಳನ್ನು ಉಳಿಸಿಕೊಂಡು ಬಂದು, ಅವುಗಳ ಮೇಳವನ್ನೇ ನಡೆಸುತ್ತಾರೆ. ಅವರಿಂದ ಕಲಿಯಲು ನಾಚಿಕೆಪಡಬೇಕಾಗಿಲ್ಲ.

ಲೆಕ್ಕ ತಿಳಿದು ಬದಲಿಸಿರಿ

ಅನ್ನದ ಬದಲು ಗೆಡ್ಡೆ ತಿಂದ ಮಾತ್ರಕ್ಕೆ ಪಿಷ್ಟ ಕಡಿಮೆಯಾಯಿತೆಂದು ತಿಳಿಯುವುದು ತಪ್ಪು. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟವಿದೆ. ಅಷ್ಟೇ ತೂಕದ ಬಾಳೆಕಾಯಿಯಲ್ಲಿ 14, ಸುವರ್ಣಗಡ್ಡೆಯಲ್ಲಿ 18, ಸಿಹಿಗೆಣಸಿನಲ್ಲಿ 28, ಮರಗೆಣಸಿನಲ್ಲಿ 38 ಗ್ರಾಂ ಇದೆ. ಅಂದರೆ ಮರಗೆಣಸಿನಿಂದ ಹೊಟ್ಟೆ ತುಂಬಿಸಿಕೊಂಡ ಸಕ್ಕರೆ ರೋಗಿಗೆ ಅನ್ನ ಬಿಟ್ಟ ಫಲ ಸಿಗದು. ಏಕಾದಶಿಯಂದು ಅನ್ನ ಬಿಟ್ಟು ಅವಲಕ್ಕಿ ತಿಂದಂತೆಯೇ ಅದು. ಬಾಳೆಕಾಯಿ ಕೂಡ ಒಣಗಿ ಹುಡಿಯಾದಾಗ ನೀರು ಹೋಗಿ ಪಿಷ್ಟ ಸಾಂದ್ರವಾಗುತ್ತದೆ. ಆದ್ದರಿಂದ ಹುಡಿಯನ್ನು ಅಳತೆಯಿಂದ ಬಳಸಬೇಕು.

2025ರಲ್ಲಿ ಪ್ರಕಟವಾದ ಇನ್ನೊಂದು ರಾಷ್ಟ್ರೀಯ ಅಧ್ಯಯನವೂ ಇದನ್ನೇ ಹೇಳುತ್ತದೆ. ನಮ್ಮ ಜನರ ಆಹಾರಶಕ್ತಿಯಲ್ಲಿ ಶೇಕಡಾ 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತಿದೆ. ಒಟ್ಟು ಪ್ರಮಾಣ ಇಳಿಯದೆ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದರಷ್ಟೇ ಸಕ್ಕರೆ ಕಾಯಿಲೆಯ ಸಂಭವ ತಗ್ಗುವುದು ಕಂಡುಬಂದಿಲ್ಲ. ಹಲಸಿನಕಾಯಿಯ ವಿಷಯದಲ್ಲಿ ಮಾತ್ರ ಒಂದು ಆಶಾದಾಯಕ ಸುದ್ದಿ ಇದೆ. ಆಂಧ್ರದ ಶ್ರೀಕಾಕುಳಂನಲ್ಲಿ 40 ರೋಗಿಗಳ ಮೇಲೆ 12 ವಾರ ನಡೆದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ದಿನಕ್ಕೆ 30 ಗ್ರಾಂ ಹಲಸಿನಕಾಯಿ ಹಿಟ್ಟನ್ನು ಅಕ್ಕಿ ಅಥವಾ ಗೋಧಿ ಹಿಟ್ಟಿನ ಬದಲು ತಿಂದವರಲ್ಲಿ ರಕ್ತದ ಸಕ್ಕರೆ ಇಳಿಯಿತು. ಪ್ರಯೋಗ ಚಿಕ್ಕದು. ಕಾಯಿಗೆ ಹೇಳಿದ ಗುಣವನ್ನು ಸಿಹಿಯಾದ ಹಣ್ಣಿಗೆ ಅನ್ವಯಿಸಬಾರದು.

ಸಸಾರಜನಕದ ಕೊರತೆ ಇನ್ನೊಂದು ಸಂಗತಿ. ಅಕ್ಕಿಯಲ್ಲಿ 100 ಗ್ರಾಂಗೆ ಸುಮಾರು 7 ಗ್ರಾಂ ಸಸಾರಜನಕವಿದೆ. ಗೆಡ್ಡೆಗಳಲ್ಲಿ ಒಂದು, ಒಂದೂವರೆ ಗ್ರಾಂ ಸಿಕ್ಕರೆ ಹೆಚ್ಚು. ಆದ್ದರಿಂದ ಧಾನ್ಯ ಬಿಟ್ಟ ಹೊತ್ತಿನಲ್ಲಿ ಹೆಸರುಕಾಳು, ಕಡಲೆ, ಅಲಸಂದೆ, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ಇರಲೇಬೇಕು. ಬೇಯಿಸಿದ ಹಲಸಿನ ತೊಳೆಗೆ ಅಕ್ಕಿಯ ಬದಲು ನೆನೆದ ಹೆಸರುಕಾಳು ಸೇರಿಸಿ ಅರೆದು ದೋಸೆ ಎರೆಯಬಹುದು. ಸುವರ್ಣಗಡ್ಡೆಯನ್ನು ಹುಣಸೆ ಅಥವಾ ಮುರುಗಲು ಹುಳಿಯಲ್ಲಿ ಚೆನ್ನಾಗಿ ಬೇಯಿಸಿದರೆ ತುರಿಕೆ ಕಾಡದು. ಮರಗೆಣಸನ್ನು ಹಸಿಯಾಗಿ ತಿನ್ನದೆ, ಬೇಯಿಸಿದ ನೀರನ್ನು ಚೆಲ್ಲಿಯೇ ಬಳಸತಕ್ಕದ್ದು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಅನ್ನ ಕಡಿಮೆ ಮಾಡಬಾರದು. ಔಷಧಿ ಅಷ್ಟೇ ಇದ್ದು ಊಟ ಇಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಬಾಳೆ ಮತ್ತು ಗೆಡ್ಡೆಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಬೆಳೆಯುವ ಮಕ್ಕಳು, ಬಸುರಿ ಬಾಣಂತಿಯರಿಗೆ ಧಾನ್ಯ ತಪ್ಪಿಸುವ ಪ್ರಯೋಗ ಸಲ್ಲದು.

ಅಡುಗೆಮನೆಯ ಹೊರೆ ಯಾರದು?

ಈ ಊಟಕ್ರಮ ಮನೆಗಳಲ್ಲಿ ಹೆಚ್ಚು ದಿನ ನಿಲ್ಲದಿರುವುದು ನಾಲಿಗೆಯ ಚಪಲದಿಂದ ಮಾತ್ರವಲ್ಲ. ಯಜಮಾನರಿಗೆ ಬಾಳೆಕಾಯಿ, ಮಕ್ಕಳಿಗೆ ದೋಸೆ, ಹಿರಿಯರಿಗೆ ಗಂಜಿ, ಆಳುಗಳಿಗೆ ಅನ್ನ ಎಂದು ನಾಲ್ಕು ಒಲೆ ಉರಿಸಬೇಕಾದ ಗೃಹಿಣಿ ತಿಂಗಳೊಳಗೆ ಸೋಲುತ್ತಾಳೆ. ಹಲಸು ಕೊಯ್ದು ಮೇಣ ಬಿಡಿಸುವುದು, ಬಾಳೆಕಾಯಿ ಹೆಚ್ಚಿ ಒಣಗಿಸುವುದು ಸಣ್ಣ ಕೆಲಸವಲ್ಲ. ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಕಾಯಿ ಬೇಕು. ಆದ್ದರಿಂದ ಆ ಒಂದು ಹೊತ್ತು ಮನೆಯವರೆಲ್ಲ ಒಂದೇ ಅಡುಗೆ ಉಣ್ಣಬೇಕು. ಅನ್ನ ಬೇಕಾದ ಮಕ್ಕಳು, ಬಾಣಂತಿಯರಿಗೆ ಮಧ್ಯಾಹ್ನದಿಂದ ಉಳಿಸಿದ್ದನ್ನು ಬಡಿಸಿದರಾಯಿತು. ಹೆಚ್ಚುವ, ಒಣಗಿಸುವ ಕೆಲಸಕ್ಕೆ ಗಂಡಸರೂ ಕೈಹಾಕಬೇಕು. ಇದಕ್ಕೆ ಒಪ್ಪದ ಮನೆಯಲ್ಲಿ ಧಾನ್ಯ ಬಿಡುವ ಮಾತನ್ನು ಆಡದಿರುವುದೇ ಲೇಸು.

ಮಲೆನಾಡಿನ ಮಳೆಗಾಲದಲ್ಲಿ ಬಿಸಿಲನ್ನು ನಂಬಿ ಹುಡಿ ಮಾಡಲಾಗದು. ಮೇ ಮುಗಿಯುವುದರೊಳಗೆ ಒಣಗಿಸಿ, ಹೋಳು ಚಟ್ಟನೆ ಮುರಿಯುವಂತಾದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿರಿ. ನಾಲ್ಕಾರು ಮನೆಗಳು ಸೇರಿ ಒಂದು ಡ್ರೈಯರ್ ಇಟ್ಟುಕೊಂಡರೆ ಇನ್ನೂ ಒಳಿತು. ಹಲಸಿನ ತೊಳೆಯನ್ನು ಉಪ್ಪುನೀರಿನಲ್ಲಿಡುವ ಹಳೆಯ ಪದ್ಧತಿ ಮಳೆಗಾಲಕ್ಕೆ ಈಗಲೂ ಯೋಗ್ಯವೇ, ಆದರೆ ರಕ್ತದೊತ್ತಡ ಇರುವವರು ಉಪ್ಪು ಬಸಿದು ಬಳಸಬೇಕು. ಮಳೆಗೆ ಮುಂಚೆ ನೆಟ್ಟ ಸುವರ್ಣಗಡ್ಡೆ ಚಳಿಗಾಲಕ್ಕೆ ಕೈಗೆ ಬರುತ್ತದೆ. ಫೆಬ್ರವರಿಯಿಂದ ಎಳೆ ಹಲಸು, ನಡುವೆ ಜೀಗುಜ್ಜೆ, ವರ್ಷವಿಡೀ ಬಾಳೆ. ಹೀಗೆ ತಿಂಗಳಿಗೊಂದು ಬೆಳೆ ಗುರುತಿಸಿ ನೆಟ್ಟವರಿಗೆ ಒಂದು ಹೊತ್ತಿನ ಊಟದ ಚಿಂತೆ ಇರದು.

ಈ ಮಳೆಗಾಲದಲ್ಲಿ ಪ್ರತಿ ಮನೆಯವರೂ ಹಿತ್ತಲಿನಲ್ಲಿ ಇಪ್ಪತ್ತೈದು ಗುಂಡಿ ಸುವರ್ಣಗಡ್ಡೆ, ಬೆಟ್ಟದ ಅಂಚಿನಲ್ಲಿ ಎರಡು ಒಳ್ಳೆಯ ಹಲಸಿನ ಕಸಿಗಿಡ ನೆಡಲಿ. ಪೇಟೆಯ ಬಾದಾಮಿ ಹಿಟ್ಟಿಗೆ ಹಣ ಕಟ್ಟುವ ಮೊದಲು, ಕಾಲಬುಡದಲ್ಲಿ ಕೊಳೆಯುತ್ತಿರುವುದನ್ನು ಎತ್ತಿಕೊಳ್ಳುವುದು ವಿವೇಕ.