ಅವ್ವನ ದನಿಗೆ ಯಾರ ಅಪ್ಪಣೆ?



ಎಂಬತ್ತರ ದಶಕದಲ್ಲಿ ನಮ್ಮ ಅವ್ವನ ಬೀಸುವ ಪದಗಳನ್ನು ನಾನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅವು ಬೂಸಲು ಹಿಡಿಯತೊಡಗಿದಾಗ ಹಳೆಯ ವಿದ್ಯಾರ್ಥಿಯೊಬ್ಬ ಗಣಕಕ್ಕೆ ಇಳಿಸಿ, ತಾನು ಸಂಶೋಧನೆ ಮಾಡುತ್ತಿರುವ ಸಂಸ್ಥೆಯ ಸಂಗ್ರಹದಲ್ಲಿ ಇರಿಸಿದ. ಕಳೆದ ವರ್ಷ ಮೊಮ್ಮಗಳು ಕೇಳಬಯಸಿದಾಗ ಕಡತಗಳ ಹೆಸರು, ಗಾತ್ರ, ದಿನಾಂಕ ಎಲ್ಲವೂ ಪರದೆಯ ಮೇಲೆ ಕಂಡವು. ತೆರೆಯಹೋದರೆ ದೋಷವೆಂಬ ಸೂಚನೆ. ವಿಚಾರಿಸಿದ್ದಕ್ಕೆ, ಅವು ಟೇಪಿಗೆ ಹೋಗಿವೆ, ಅಡ್ಮಿನ್ ಅಧಿಕಾರವುಳ್ಳವರೇ ಮರಳಿ ತರಿಸಬೇಕು ಎಂಬ ಉತ್ತರ ಬಂತು. ಮೂರು ತಿಂಗಳಲ್ಲಿ ಮೂರು ಅರ್ಜಿ ಹೋದವು.

ದೀಪಾವಳಿಗೆ ಊರಿಗೆ ಬಂದ ಆ ಶಿಷ್ಯ ಸಾಧನಕೇರಿಯ ದಂಡೆಯಲ್ಲಿ ಅಡ್ಡಾಡುತ್ತ ನಕ್ಕ. "ಸರ್ರ, ಕಡತ ಹಾಳಾಗಿಲ್ರೀ, ಮಲಗೇತಿ. ಎಬ್ಬಿಸಿದ್ರ ಏಳತೈತಿ."

1950ರಲ್ಲೇ ಆಕಾಶವಾಣಿ ಬಂದ ಧಾರವಾಡಕ್ಕೆ ಟೇಪೆಂಬುದು ಹೊಸತಲ್ಲ. ಆದರೆ ಗಣಕಗಳೂ ಇಂದಿಗೆ ಅದನ್ನೇ ನಂಬಿವೆಯೆಂದು ನನಗೆ ತಿಳಿದಿರಲಿಲ್ಲ. ಅಂಗೈಯಗಲದ ಒಂದು ಎಲ್‌ಟಿಒ-9 ಟೇಪಿನಲ್ಲಿ 18 ಟೆರಾಬೈಟ್ ಹಿಡಿಯುತ್ತದೆಯಂತೆ. ಸುಮ್ಮನೆ ಇಟ್ಟಾಗ ವಿದ್ಯುತ್ತೂ ಬೇಡ. ಬಹುಕಾಲ ಮುಟ್ಟದ ಕಡತದ ಒಡಲನ್ನು ವ್ಯವಸ್ಥೆಯು ಟೇಪಿಗೆ ಸಾಗಿಸಿ, ಡಿಸ್ಕಿನಲ್ಲಿ ಹೆಸರನ್ನಷ್ಟೇ ಉಳಿಸುತ್ತದೆ. ಓದುವ ಹಕ್ಕಿರುವ ಸಾಮಾನ್ಯ ಬಳಕೆದಾರ ಅದನ್ನು ತೆರೆದರೂ ಸಾಕು, ಯಂತ್ರದ ಕೈ ಟೇಪನ್ನು ಹುಡುಕಿ ತಂದು, ಸುತ್ತಿ, ಕಡತವನ್ನು ಡಿಸ್ಕಿಗೆ ಮರಳಿಸುತ್ತದೆ. ಇಂಥ ಅನೇಕ ವ್ಯವಸ್ಥೆಗಳ ರೀತಿಯೇ ಇದು. ಬೇಕಾದುದು ಕೆಲವು ನಿಮಿಷಗಳ ತಾಳ್ಮೆ. ಸರದಿಯಿದ್ದರೆ ಇನ್ನೂ ಹೆಚ್ಚು. ಹಾಡು ನುಡಿಸುವ ನಮ್ಮ ತಂತ್ರಾಂಶಕ್ಕೆ ಆ ತಾಳ್ಮೆಯಿರಲಿಲ್ಲ, ಅಷ್ಟೆ.

ಅಡ್ಮಿನ್ನರ ಭಯವೂ ನಿರಾಧಾರವಲ್ಲ. ಒಬ್ಬನೇ ಸಾವಿರ ಕಡತಗಳನ್ನು ಬೇಕಾಬಿಟ್ಟಿ ಕೇಳಿದರೆ ಟೇಪು ಹಿಂದೆ ಮುಂದೆ ಓಡಾಡಿ ಉಳಿದವರ ಕೆಲಸ ನಿಲ್ಲುತ್ತದೆ, ಡಿಸ್ಕು ತುಂಬುತ್ತದೆ. ಅದಕ್ಕೆ ಮಿತಿ ಹಾಕಲಿ, ಪಟ್ಟಿ ಕೊಡಿಸಿಕೊಂಡು ಟೇಪಿನ ಕ್ರಮದಲ್ಲಿ ತರಿಸಲಿ. ಅಳಿಸುವ ಅಧಿಕಾರ ಅವರಲ್ಲೇ ಇರಲಿ. ಓದುವುದಕ್ಕೂ ಅಪ್ಪಣೆ ಬೇಕೆಂಬುದನ್ನು ಮಾತ್ರ ನಾನು ಒಪ್ಪಲಾರೆ. ಶಾಲೆಯ ಗ್ರಂಥಾಲಯದಲ್ಲಿ ಕಪಾಟಿನ ಕೀಲಿಕೈ ನನ್ನಲ್ಲಿತ್ತು. ಹಾಗೆಂದು ಪುಸ್ತಕ ಕೇಳಿದ ಹುಡುಗನಿಂದ ನಾನೆಂದೂ ಅರ್ಜಿ ಬರೆಸಿಕೊಳ್ಳಲಿಲ್ಲ. 2011ರ ಫೆಬ್ರವರಿಯಲ್ಲಿ ಜಿಮೇಲಿನ ಕೆಲವರ ಪತ್ರಗಳು ಮಾಯವಾದಾಗ ಗೂಗಲ್ ಅವನ್ನು ಟೇಪಿನಿಂದಲೇ ಮರಳಿಸಿತು. ಟೇಪು ಇರುವುದೇ ಹಿಂದಿರುಗಿಸುವುದಕ್ಕೆ.

ಶಿಷ್ಯ ನಮ್ಮ ಮನೆಯಲ್ಲೇ ಕುಳಿತು, ತನ್ನ ಸಾಧಾರಣ ಖಾತೆಯಿಂದಲೇ ಕಡತಗಳನ್ನು ನಕಲು ಮಾಡುವ ಆಜ್ಞೆ ಕೊಟ್ಟ. ಎರಡು ಸಲ ಚಹಾ ಆಯಿತು. ಮೂರನೆಯ ಪದದ ನಡುವೆ ಬೀಸುಕಲ್ಲು ನಿಂತು ಅವ್ವ ಕೇಳಿದಳು: "ಅದು ತಿರಗಾಕತ್ತೈತೇನೋ?"

ಮೊಮ್ಮಗಳು "ಹೌದಜ್ಜಿ" ಎಂದಳು.