ದೊಡ್ಡ ಕುರ್ಚಿಯ ಸಂಬಳ ಯಾರ ಲೆಕ್ಕ?

ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು ಉಪ್ಪಿಟ್ಟು, ಚಹಾ ನಡೆಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ಹೇಳಿದರು: "ಸರಕಾರಿ ಆಸ್ಪತ್ರೆ ಸುಧಾರಿಸಬೇಕಾದರೆ ಮೇಲೆ ಕೂತವರಿಗೆ ಖಾಸಗಿಯವರಷ್ಟೇ ಸಂಬಳ ಕೊಡಬೇಕು ರೀ. ಇಲ್ಲದಿದ್ದರೆ ಯೋಗ್ಯರು ಯಾಕೆ ಬಂದಾರು?" ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ನಾನು ಸುಮ್ಮನಿದ್ದೆ. ಹೇಳಿದವರು ಹಿರಿಯರು, ನನ್ನ ಕೈಯಲ್ಲಿ ತಟ್ಟೆ ಬೇರೆ. ಅಂದು ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೇಂದ್ರ ಸರಕಾರದ ಗುಮಾಸ್ತ. ಜನವರಿಗೊಮ್ಮೆ, ಜುಲೈಗೊಮ್ಮೆ ತುಟ್ಟಿಭತ್ಯೆಯ ದಾರಿ ಕಾಯುವವನು. ಆದ್ದರಿಂದ ಇದನ್ನು ಹೊಟ್ಟೆಕಿಚ್ಚೆಂದು ದಯವಿಟ್ಟು ತಿಳಿಯಬೇಡಿ.

ನಮ್ಮ ವಾಗ್ಳೆ ಎಸ್ಟೇಟಿನ ವರ್ಕ್‌ಶಾಪುಗಳಲ್ಲಿ ದುಡಿಯುವ ನಮ್ಮವರಿಗೆ ಆಸ್ಪತ್ರೆ ಎಂದರೆ ಇ.ಎಸ್.ಐ. ಆಸ್ಪತ್ರೆ. ಅದೇನು ಧರ್ಮಾಸ್ಪತ್ರೆಯೇ? 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ನೂರು ರೂಪಾಯಿ ಕೂಲಿಗೆ ಮಾಲೀಕನಿಂದ 3 ರೂಪಾಯಿ 25 ಪೈಸೆ, ಕಾರ್ಮಿಕನಿಂದ 75 ಪೈಸೆ ವಂತಿಗೆ. ರಾಜ್ಯ ನಡೆಸುವ ಇ.ಎಸ್.ಐ. ಆಸ್ಪತ್ರೆಗಳ ಖರ್ಚಿನಲ್ಲಿ, ಗೊತ್ತುಪಡಿಸಿದ ಮಿತಿಯೊಳಗೆ, ಸಾಮಾನ್ಯವಾಗಿ ಎಂಟರಲ್ಲಿ ಏಳು ಪಾಲು ನಿಗಮದ್ದು, ಒಂದೇ ಪಾಲು ರಾಜ್ಯದ್ದು. ಆದರೂ ಅಲ್ಲಿನ ಮೇಲಧಿಕಾರಿಯ ವೇತನಶ್ರೇಣಿ ರಾಜ್ಯದ್ದೇ. ಬೆಂಗಳೂರಿನ ರಾಜಾಜಿನಗರದಲ್ಲಿರುವಂತೆ ನಿಗಮವೇ ನಡೆಸುವ ಆಸ್ಪತ್ರೆಯಾದರೆ ಕೇಂದ್ರದ ಶ್ರೇಣಿ. ವಂತಿಗೆ ಕಟ್ಟಿ ಸಾಲಿನಲ್ಲಿ ನಿಂತವನನ್ನು ಎರಡೂ ಕಡೆ ಯಾರೂ ಕೇಳುವುದಿಲ್ಲ.

ಕೇಂದ್ರದ ಶ್ರೇಣಿಯೇನು ಬಡಸಂಬಳವಲ್ಲ. 2016ರ ಜನವರಿಯಿಂದ ಜಾರಿಯಾದ ಏಳನೆಯ ವೇತನ ಆಯೋಗದಲ್ಲಿ ಕೆಳತುದಿಯ ಮೂಲವೇತನ 18,000, ಮೇಲುತುದಿಯ ಸಂಪುಟ ಕಾರ್ಯದರ್ಶಿಗೆ 2,50,000. ವೈದ್ಯರಿಗೆ ಖಾಸಗಿ ವೃತ್ತಿ ಮಾಡದಿರುವುದಕ್ಕಾಗಿ ಮೂಲವೇತನದ ಶೇಕಡಾ 20ರಷ್ಟು ಭತ್ಯೆ. ಎರಡೂ ಸೇರಿ 2,37,500 ದಾಟಬಾರದು. ಹುದ್ದೆ ಖಾಲಿಯಿಲ್ಲದಿದ್ದರೂ ಸೇವಾವಧಿ ತುಂಬಿದಂತೆ ಮೇಲಿನ ಶ್ರೇಣಿ ಸಿಗುವ ಏರ್ಪಾಡೂ ಅವರಿಗುಂಟು. ರೋಗಿ ನೋಡುವ ವೈದ್ಯನಿಗೆ ಇದೆಲ್ಲ ಸಲ್ಲಬೇಕಾದದ್ದೇ. ಆದರೆ ಆಸ್ಪತ್ರೆ ನಡೆಸುವುದು ಬೇರೆಯೇ ಕಸುಬು. ಔಷಧಿ ಮುಗಿಯುವ ಮೊದಲೇ ತರಿಸಬೇಕು, ಕೆಟ್ಟ ಲಿಫ್ಟು ರಿಪೇರಿಯಾಗಬೇಕು, ಹೊರಗೆ ಕೊಂಡ ಮಾತ್ರೆಯ ಬಿಲ್ಲು ಪಾಸಾಗಬೇಕು. ಇದನ್ನು ಶ್ರದ್ಧೆಯಿಂದ ಮಾಡಿದವನಿಗೂ, ಕಡತದ ಮೇಲೆ ಪೇಪರ್‌ವೇಟ್ ಇಟ್ಟು ಕೂತವನಿಗೂ ತಿಂಗಳ ಕೊನೆಗೆ ಸಿಗುವುದು ಒಂದೇ. ಹೀಗಿರುವಾಗ ಅಂಕಿಯನ್ನು ಇಮ್ಮಡಿ ಮಾಡಿದರೆ ಸಾಲಿನಲ್ಲಿ ನಿಂತವನಿಗೆ ಬಂದ ಭಾಗ್ಯವೇನು ಸ್ವಾಮಿ?

ಖಾಸಗಿ ಆಸ್ಪತ್ರೆಯ ಮುಖ್ಯಸ್ಥ ಹಾಸಿಗೆ ತುಂಬಿಸಿದಷ್ಟೂ ಯಜಮಾನರ ಪೆಟ್ಟಿಗೆ ತುಂಬುತ್ತದೆ. ಇ.ಎಸ್.ಐ. ಮುಖ್ಯಸ್ಥ ಒಳ್ಳೆಯ ಕೆಲಸ ಮಾಡಿದರೆ ಖರ್ಚೇ ಹೆಚ್ಚು. ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಇಂಗ್ಲೆಂಡಿನವರು ಈ ದಾರಿ ತುಳಿದು ನೋಡಿದ್ದಾರೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ದಾದಿಯರಿಗೂ ಗುಮಾಸ್ತರಿಗೂ 2004ರಿಂದ ಒಂದೇ ವೇತನಪಟ್ಟಿ. ತೀರ ಮೇಲಿನ ಅಧಿಕಾರಿಗಳು ಅದರ ಹೊರಗೆ. ಅವರ ಸಂಬಳ ಎಷ್ಟು ಏರಿತೆಂದರೆ, ಪ್ರಧಾನಿಯ 1,42,500 ಪೌಂಡಿಗಿಂತ ಹೆಚ್ಚು ಕೊಡುವ ಮೊದಲು ಮಂತ್ರಿಯ ಅಭಿಪ್ರಾಯ ಕೇಳಬೇಕೆಂದು 2015ರಲ್ಲಿ ಕಡಿವಾಣ ಹಾಕಬೇಕಾಯಿತು. 2025ರ ಮೇ ತಿಂಗಳಲ್ಲಿ, ಕೆಲಸ ಕೆಟ್ಟ ಆಸ್ಪತ್ರೆಗಳ ಮುಖ್ಯಸ್ಥರಿಗೆ ಆ ವರ್ಷದ ಏರಿಕೆಯೇ ಇಲ್ಲವೆಂಬ ನಿಯಮ ತಂದರು. ಅಂದರೆ ನಮ್ಮ ಹಿರಿಯರು ಹೇಳುವ ಮದ್ದನ್ನು ಕುಡಿದವರೇ ಈಗ ಪಥ್ಯ ಹಿಡಿದಿದ್ದಾರೆ.

ನಮ್ಮ ನೆರೆಯಲ್ಲಿ ಕುಂದಾಪುರ ಕಡೆಯ ಲೇತ್ ಆಪರೇಟರ್ ಒಬ್ಬರಿದ್ದಾರೆ. ಹೆಂಡತಿಯ ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಮೂರು ಸಲ ಹೋದರು. ಯಾವ ಊರಿನ ಆಸ್ಪತ್ರೆ ಎಂದು ಹೇಳುವುದಿಲ್ಲ. ಮೂರು ಸಲವೂ "ಸ್ಟಾಕ್ ಇಲ್ಲ". ಮೂರು ಸಲವೂ ಅರ್ಧ ದಿನದ ಕೂಲಿ ಖೋತಾ. "ದೊಡ್ಡ ಸಾಹೇಬರಿಗೆ ಹೇಳಬಾರದಿತ್ತೇ?" ಎಂದೆ. "ಹೇಳುವ ಅಂತ ಹೋದೆ ಮಾರಾಯ್ರೆ, ಅವರಿಗೆ ಟ್ರಾನ್ಸ್‌ಫರ್ ಆಗಿದೆಯಂತೆ" ಎಂದರು.

ಈ ಮನುಷ್ಯನಿಗೆ ಇನ್ನೊಂದು ಹೆದರಿಕೆ. ಸಂಬಳ 21,000 ದಾಟಿದರೆ ಯೋಜನೆಯಿಂದಲೇ ಹೊರಬೀಳುತ್ತೇನೆಂದು. ಆ ಮಿತಿ 15,000ದಿಂದ 21,000ಕ್ಕೆ ಏರಿದ್ದು 2017ರ ಜನವರಿಯಲ್ಲಿ. 2025 ಬಂದರೂ ಅಲ್ಲೇ ನಿಂತಿತ್ತು. ಅದೇ 2025ರ ಜುಲೈಗೆ ನನ್ನ ಮತ್ತು ದೊಡ್ಡ ಸಾಹೇಬರ ತುಟ್ಟಿಭತ್ಯೆ ಶೇಕಡಾ 58 ಮುಟ್ಟಿತು, ಕೊರೋನಾ ಕಾಲದಲ್ಲಿ 18 ತಿಂಗಳು ತಡೆಹಿಡಿದ ಮೇಲೂ. ಬಿ.ಎಸ್ಸಿ. ಓದುವಾಗ ನಮ್ಮ ಮೇಷ್ಟ್ರು, ತೂಗುವ ಮೊದಲು ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ನೋಡು ಎನ್ನುತ್ತಿದ್ದರು. ಇಲ್ಲಿ ಮುಳ್ಳು ಮೊದಲಿನಿಂದಲೂ ಒಂದೇ ಕಡೆಗೆ ವಾಲಿದೆ.

ಎಂಟನೆಯ ವೇತನ ಆಯೋಗದ ಕಾರ್ಯವ್ಯಾಪ್ತಿಗೆ 2025ರ ಅಕ್ಟೋಬರಿನಲ್ಲಿ ಸಂಪುಟದ ಒಪ್ಪಿಗೆ ದೊರೆತಿದೆ. ಆಸ್ಪತ್ರೆ ನಡೆಸುವ ಕುರ್ಚಿಗೆ ಬೇರೆ ಭತ್ಯೆ ಕೊಡುವುದಾದರೆ ಕೊಡಲಿ, ಧಾರಾಳವಾಗಿಯೇ ಕೊಡಲಿ. ಆದರೆ ಮೂರು ವರ್ಷ ಅಲ್ಲಿಂದ ಕದಲಬಾರದು. ಔಷಧಿ ಎಷ್ಟು ದಿನ ಇರಲಿಲ್ಲ, ಬಿಲ್ಲು ಎಷ್ಟು ದಿನಕ್ಕೆ ಪಾಸಾಯಿತು ಎಂಬುದನ್ನು ಗೋಡೆಗೆ ಹಚ್ಚಿ, ಅದನ್ನು ನೋಡಿ ಭತ್ಯೆ ಮುಂದುವರಿಯಬೇಕು. 1948ರ ಕಾಯ್ದೆ ನಿಗಮದಲ್ಲಿ ಮಾಲೀಕರಿಗೆ ಹತ್ತು, ಕಾರ್ಮಿಕರಿಗೆ ಹತ್ತು ಸ್ಥಾನ ಇಟ್ಟಿತ್ತು; ಈ ಲೆಕ್ಕ ನೋಡುವ ಸಮಿತಿಯಲ್ಲೂ 75 ಪೈಸೆ ಕಟ್ಟುವವನು ಕೂರಲಿ. ಕಾರ್ಮಿಕನ ಮಿತಿ ಏರುವವರೆಗೆ ಸಾಹೇಬರ ಭತ್ಯೆಯೂ ಏರದಿರಲಿ.

ಮುಂದಿನ ತಿಂಗಳ ಸಭೆಗೆ ಆ ಹಿರಿಯರು ಬರುವುದಾದರೆ ಲೇತ್ ಆಪರೇಟರನ್ನೂ ಕರೆತರುತ್ತೇನೆ. ಅವರಿಗೆ ಅಂದು ರಾತ್ರಿ ಪಾಳಿ ಇರಬಾರದು, ಅಷ್ಟೆ.