ಕಾಲಯಾನದ ಕಥೆಗಳೂ ನಮ್ಮ ಆಯಿಯೂ

ಗತಿಸಿದ ಕಾಲಕ್ಕೆ ಮರಳಿ ಹೋಗುವ ಯಂತ್ರವೊಂದು ದೊರೆತರೆ ನೀವು ಎಲ್ಲಿಗೆ ಹೋಗುವಿರಿ? ಲಿಂಗಸುಗೂರಿನ ನಮ್ಮ ವಸತಿನಿಲಯದಲ್ಲಿ ಒಂದು ರಾತ್ರಿ ಈ ಚರ್ಚೆ ಎದ್ದಿತು. ಗೆಳೆಯನೊಬ್ಬನ ಮೊಬೈಲಿನ ಅಂಗೈಯಗಲದ ಪರದೆಯ ಮೇಲೆ ಐದಾರು ಜನ ತಲೆಗೆ ತಲೆ ತಾಗಿಸಿ ನೋಡಿದ 'ಡಾಕ್ಟರ್ ಹೂ' ಎಂಬ ಇಂಗ್ಲಿಷ್ ಧಾರಾವಾಹಿಯೇ ಅದಕ್ಕೆ ಕಾರಣ. ಒಬ್ಬನು ಕೃಷ್ಣದೇವರಾಯನ ಹಂಪೆಗೆ ಎಂದನು. ಇನ್ನೊಬ್ಬನು ಕಳೆದ ಪರೀಕ್ಷೆಯ ಹಿಂದಿನ ದಿನಕ್ಕೆ ಎಂದನು. ಇವನೇ ಹೆಚ್ಚು ವಿವೇಕಿಯೆಂದು ನನಗೆ ತೋರಿತು.

ಕಾಲಯಾನವು ನಮಗೇನೂ ಹೊಸದಲ್ಲ. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ರೈವತ ರಾಜನು ಅಲ್ಲಿ ಕ್ಷಣಕಾಲ ಸಂಗೀತ ಕೇಳಿ ನಿಂತಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿದ್ದುವೆಂದು ಭಾಗವತದಲ್ಲಿದೆ. 1989ರಲ್ಲಿ ದೂರದರ್ಶನವು ಆನಂದ್ ಮಹೇಂದ್ರೂ ಅವರ 'ಇಂದ್ರಧನುಷ್' ಎಂಬ ಹಿಂದೀ ವೈಜ್ಞಾನಿಕ ಧಾರಾವಾಹಿಯನ್ನು ಪ್ರಸಾರಮಾಡಿತು. ಮಕ್ಕಳ ಕಾಲಯಾನದ ಆ ಕಥೆಯಲ್ಲಿ ತಂದೆಯ ಪಾತ್ರ ವಹಿಸಿದವರು ನಮ್ಮ ಗಿರೀಶ ಕಾರ್ನಾಡರು. 1991ರಲ್ಲಿ ಸಿಂಗೀತಂ ಶ್ರೀನಿವಾಸರಾಯರ 'ಆದಿತ್ಯ 369' ಎಂಬ ತೆಲುಗು ಚಿತ್ರದ ಯಂತ್ರವು 1526ರ ವಿಜಯನಗರಕ್ಕೇ ಬಂದಿಳಿಯಿತು. ಈ ಯಂತ್ರಗಳು ಅರಮನೆಯ ಬಾಗಿಲನ್ನೇ ಹುಡುಕಿಕೊಂಡು ಇಳಿಯುವುವಲ್ಲದೆ ದನ ಕಾಯುವ ಹುಡುಗನ ಹುಲ್ಲುಗಾವಲಿನಲ್ಲಿ ಇಳಿದದ್ದನ್ನು ನಾನು ಕಾಣೆ.

'ಡಾಕ್ಟರ್ ಹೂ' ಲಂಡನ್ನಿನಲ್ಲಿ 1963ರ ನವೆಂಬರಿನಲ್ಲಿ ಆರಂಭವಾಗಿ, 1989ರಲ್ಲಿ ನಿಂತು, 2005ರಲ್ಲಿ ಮತ್ತೆ ಚಿಗುರಿತು. ಅದರ ನಾಯಕನ ವಾಹನವು ಪೋಲೀಸರ ಒಂದು ನೀಲಿ ಪೆಟ್ಟಿಗೆ. ಹೊರಗಿನಿಂದ ನೋಡಿದರೆ ಒಬ್ಬನು ನಿಲ್ಲುವಷ್ಟು, ಒಳಹೊಕ್ಕರೆ ದೊಡ್ಡ ಮನೆಯಷ್ಟು. 1964ರ ಒಂದು ಕಥೆಯಲ್ಲಿ ಬಾರ್ಬರಾ ಎಂಬ ಇತಿಹಾಸದ ಅಧ್ಯಾಪಕಿಯು ಅದರಲ್ಲಿ ಕುಳಿತು ಮೆಕ್ಸಿಕೋದ ಅಜ್ಟೆಕ್ ಜನರ ಕಾಲಕ್ಕೆ ಹೋಗುವಳು. ಅಲ್ಲಿ ಅವಳನ್ನು ದೇವತೆಯೆಂದು ಪೂಜಿಸುವರು. ದೊರೆತ ಅಧಿಕಾರದಿಂದ ನರಬಲಿಯನ್ನು ನಿಲ್ಲಿಸಬೇಕೆಂದು ಅವಳು ಹಟ ಹಿಡಿಯುವಳು. ಇತಿಹಾಸವನ್ನು ತಿದ್ದಲಾಗದೆಂದು ಡಾಕ್ಟರನು ತಡೆಯುವನು. ಕೊನೆಗೆ ಗೆಲ್ಲುವುದು ಅವನ ಮಾತೇ. ಪೆಟ್ಟಿಗೆ ಹೊರಟುಹೋಯಿತು, ಬಲಿ ಉಳಿಯಿತು.

ಗತವನ್ನು ಮುಟ್ಟಬಾರದೆಂಬ ಈ ಕಟ್ಟಳೆಯು ನನಗೆ ಬಹಳ ಹಿಡಿಸಿತ್ತು. ಸತ್ತವರನ್ನೆಲ್ಲ ಯಂತ್ರವು ಎಬ್ಬಿಸಿ ತರುವುದಾದರೆ ಕಥೆಯಲ್ಲಿ ಸಾವಿಗೆ ಬೆಲೆಯೆಲ್ಲಿ ಎಂದು ಆ ರಾತ್ರಿ ದೊಡ್ಡ ಗಂಟಲಿನಲ್ಲಿ ವಾದಿಸಿದವನು ನಾನೇ. ದೀಪಾವಳಿಯ ರಜೆಗೆ ಊರಿಗೆ ಹೋದಾಗ ಈ ಜ್ಞಾನವನ್ನು ನಮ್ಮ ಆಯಿಗೂ ಬಡಿಸಹೋದೆನು.

ಆಯಿ ಇರುವುದು ಮಸ್ಕಿಯ ಸಮೀಪದ ಹಳ್ಳಿಯಲ್ಲಿ. ನಮ್ಮ ತಂದೆಯವರನ್ನು ಎಂಟನೆಯ ವಯಸ್ಸಿಗೇ, ಸುಮಾರು 1983ರಲ್ಲಿ, ಸಾಲದ ಬಾಬ್ತು ಒಬ್ಬ ಧಣಿಯ ಮನೆಗೆ ದನ ಕಾಯಲು ಬಿಟ್ಟಿದ್ದರು. ಜೀತವನ್ನು ರದ್ದುಮಾಡುವ ಕಾನೂನು 1976ರಲ್ಲಿಯೇ ಬಂದಿತ್ತು. ಅದಕ್ಕೆ ನಮ್ಮೂರ ದಾರಿ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ತಂದೆಯವರು ದನ ಮೇಯಿಸುತ್ತಿದ್ದುದು ಮಸ್ಕಿಯ ಗುಡ್ಡದಲ್ಲಿ, ಅಶೋಕನ ಶಾಸನವಿರುವ ಬಂಡೆಯ ಆಸುಪಾಸಿನಲ್ಲಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಆ ಶಾಸನವನ್ನು ಕಂಡುಹಿಡಿದನು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಿದ್ದುವೇ ಹೊರತು ಅಶೋಕನೆಂಬ ಹೆಸರು ಮೊದಲು ಕಂಡದ್ದು ಮಸ್ಕಿಯಲ್ಲಿ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಅದನ್ನು ಪಡೆಯಬಲ್ಲನೆಂಬ ಅರ್ಥದ ಮಾತು ಅದರಲ್ಲಿದೆ. ಎರಡು ಸಾವಿರ ವರ್ಷಗಳಾಚೆಯಿಂದ ಬಂದ ಆ ಮಾತಿನ ಬದಿಯಲ್ಲಿಯೇ ಕುಳಿತಿದ್ದ ಹುಡುಗನಿಗೆ ಬ್ರಾಹ್ಮೀ ಲಿಪಿ ಹಾಗಿರಲಿ, ಕನ್ನಡದ 'ಅ' ಕೂಡ ಬರುತ್ತಿರಲಿಲ್ಲ.

ನನ್ನ ವಿವರಣೆಯನ್ನೆಲ್ಲ ಕೇಳಿ ಆಯಿ, "ಆ ಡಬ್ಬಿ ಎಲ್ಲೈತಿ ತಾರಪ್ಪ. ನಿಮ್ಮಪ್ಪನ್ನ ಸಾಲಿಗಿ ಹಾಕಿ ಬರ್ತೀನಿ" ಎಂದಳು.

ನಾನು ನಕ್ಕು ಲೆಕ್ಕ ಒಪ್ಪಿಸಿದೆನು. ತಂದೆಯವರು ಶಾಲೆಗೆ ಹೋಗಿದ್ದರೆ ಧಣಿಯ ಮನೆಯಿಂದ ಓಡಿಹೋಗುತ್ತಿರಲಿಲ್ಲ. ಓಡದಿದ್ದರೆ ಸಿಂಧನೂರಿನ ಕಡೆಗೆ, ತುಂಗಭದ್ರೆಯ ಕಾಲುವೆಯ ಗದ್ದೆಗಳಿಗೆ, ನಾಟಿಯ ಕೂಲಿಗೆ ಬರುತ್ತಿರಲಿಲ್ಲ. ಅಲ್ಲಿ ನಮ್ಮ ಅವ್ವನನ್ನು ಕಾಣುತ್ತಿರಲಿಲ್ಲ. "ಹಂಗಾದ್ರ ನಾ ಹುಟ್ತಿದ್ದಿಲ್ಲ ನೋಡು ಆಯಿ" ಎಂದೆನು.

"ನೀ ಹುಟ್ಟದಿದ್ರ ಏನಾತು? ಅಂವ ಓದತಿದ್ದನಲ್ಲ" ಎಂದು ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಗತವನ್ನು ಮುಟ್ಟಬಾರದೆಂಬ ಕಟ್ಟಳೆಯನ್ನು ಮಾಡಿದವರು, ನಡೆದದ್ದರಿಂದ ಲಾಭ ಹೊಂದಿದವರೇ ಇರಬೇಕೆಂಬ ಗುಮಾನಿ ಅಂದಿನಿಂದ ನನಗೆ ಹತ್ತಿದೆ. ಅವರ ಸಾಲಿನಲ್ಲಿ ನಾನೂ ಇದ್ದೇನೆ. ತಂದೆಯವರು ಕಳೆದುಕೊಂಡ ಶಾಲೆಯ ಮೇಲೆಯೇ ನನ್ನ ಬಿ.ಎ. ನಿಂತಿದೆ. ಅದನ್ನು ಕೆಡಿಸಬೇಡಿರೆಂದು ನಾನು ಹೇಳುವುದು ಧರ್ಮಸೂಕ್ಷ್ಮವೋ, ಸ್ವಾರ್ಥವೋ?

ಈ ದೃಷ್ಟಿಯಿಂದ ಅದೇ ಧಾರಾವಾಹಿಯ 2005ರ ಒಂದು ಕಥೆಯು ಬಾರ್ಬರಾಳ ಕಥೆಗಿಂತ ಮೇಲೆಂದು ನನ್ನ ಅಭಿಪ್ರಾಯ. ರೋಸ್ ಎಂಬ ಹುಡುಗಿ 1987ಕ್ಕೆ ಹೋಗಿ, ಕಾರಿನಡಿಗೆ ಸಿಕ್ಕು ಸಾಯಬೇಕಿದ್ದ ತನ್ನ ತಂದೆಯನ್ನು ಉಳಿಸಿಬಿಡುವಳು. ಕಾಲಕ್ಕೆ ಗಾಯವಾಗಿ ರೆಕ್ಕೆಯ ರಾಕ್ಷಸರು ಬಂದೆರಗುವರು. (ಈ ರಾಕ್ಷಸರಿಲ್ಲದಿದ್ದರೂ ನಡೆಯುತ್ತಿತ್ತು.) ಕೊನೆಗೆ ಆ ತಂದೆಯು ಎಲ್ಲವನ್ನೂ ತಾನಾಗಿ ಅರಿತು ತಾನೇ ಹೋಗಿ ಕಾರಿಗೆ ಅಡ್ಡ ನಿಲ್ಲುವನು. ಫಲ ಅದೇ, ಸಾವು. ಆದರೆ ನಿರ್ಣಯವು ಕಳೆದುಕೊಳ್ಳುವವನದು, ಪೆಟ್ಟಿಗೆಯಲ್ಲಿ ಬಂದವರದಲ್ಲ.

ನಾನು ತಂದೆಯವರನ್ನು ಕೇಳಿಯೇ ಇರಲಿಲ್ಲ. ಸಿಂಧನೂರಿನ ಮನೆಗೆ ಬಂದ ಮೇಲೆ ಕೇಳಿದೆನು. ಅವರು ಸಲಿಕೆಯ ಕಾವು ಬಿಗಿಮಾಡುತ್ತ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಬಹಳ ಹೊತ್ತಿನ ಮೇಲೆ, "ಆ ಡಬ್ಬಿಯೊಳಗ ಇಬ್ಬರು ಹಿಡೀತಾರೇನು?" ಎಂದರು.

ಹಿಡಿಯುತ್ತಾರೆ, ಒಳಗೆ ಬಹಳ ಜಾಗವಿದೆ ಎಂದೆನು.